ಗ್ರಾಸಿಯಾಸ್ ಅನ್ನಬಾರದ ಹೊತ್ತು: ಬರ್ಲಿನ್‌ನ ಟ್ಯಾಂಗೊ ಬಳಗದ ಜೊತೆ ಐದು ದಿನ

ಮೊದಲ ದಿನ, ಜುಲೈ 7

ಬರ್ಲಿನ್‌ಗೆ ಇಳಿದಾಗ ಮಧ್ಯಾಹ್ನ. ತಂಗಿಯ ಮನೆಯಲ್ಲಿ ಅನ್ನ, ಸಾರು ಉಂಡು ಒಂದು ಗಂಟೆ ಮಲಗಿದೆ, ಅಷ್ಟೆ. ಆರು ಗಂಟೆಗೆ "ಅಕ್ಕ, ಏಳು. ಮಿಲೊಂಗಾಗೆ ಹೊತ್ತಾಯ್ತು" ಅಂತ ಎಬ್ಬಿಸಿಯೇ ಬಿಟ್ಟಳು.

ಮಿಲೊಂಗಾ ಅಂದರೆ ಟ್ಯಾಂಗೊ ಕುಣಿಯಲು ಜನ ಸೇರುವ ಕೂಟ. ಬೆಂಗಳೂರಿನಲ್ಲೂ ಟ್ಯಾಂಗೊ ಕಲಿಯುವ ಪುಟ್ಟ ಗುಂಪುಗಳಿವೆ. ಅಂಥ ಒಂದರಲ್ಲಿ ನಾನು ಎಂಟು ತಿಂಗಳಿಂದ ಹೆಜ್ಜೆ ಕಲಿಯುತ್ತಿದ್ದೇನೆ. ತಂಗಿ ಬರ್ಲಿನ್‌ನಲ್ಲಿ ಐದು ವರ್ಷದಿಂದ ಕುಣಿಯುತ್ತಾಳೆ. ಅವಳ ಬಳಗದಲ್ಲಿ ಅರ್ಜೆಂಟೀನಾ, ಉರುಗ್ವೆಯಿಂದ ಬಂದವರು ಅರ್ಧ, ಜರ್ಮನ್ನರು ಮತ್ತು ಉಳಿದವರು ಅರ್ಧ. ವಾರವಾರವೂ ಇವಳು ಫೋನಿನಲ್ಲಿ ಹೇಳುವ ಆ ಜನರನ್ನು ನೋಡಲೆಂದೇ ನಾನು ರಜೆ ಹಾಕಿ ಬಂದಿದ್ದೆ.

ಜಾಗ ಶ್ಪ್ರೇ ನದಿಯ ದಂಡೆ. ಎದುರಿಗೆ, ನೀರಿನಾಚೆ, ಬೋಡೆ ಮ್ಯೂಸಿಯಂನ ದೊಡ್ಡ ಗುಮ್ಮಟ. ದಂಡೆಯ ಮೇಲೆ ಮರದ ಹಲಗೆ ಹಾಸಿದ ನೆಲ, ಸುತ್ತ ಬಣ್ಣದ ಬಲ್ಬುಗಳು. ನಾವು ಹೋಗುವ ಹೊತ್ತಿಗೆ ಸರಿಯಾಗಿ ಮಳೆ. ಎಲ್ಲರೂ ಮರದ ಕೆಳಗೆ ನಿಂತರು, ಯಾರೂ ಮನೆಗೆ ಹೊರಡಲಿಲ್ಲ. ಹತ್ತು ನಿಮಿಷಕ್ಕೆ ಮಳೆ ನಿಂತಿತು. ನಾಲ್ಕೈದು ಜನ ಹೇಳಿಸಿಕೊಳ್ಳದೆ ಬಂದು ಒರೆಸುವ ಕೋಲು, ಹಳೇ ಟವೆಲ್ ಹಿಡಿದು ಹಲಗೆಯ ನೀರು ಬಳಿದರು. ಅವರಲ್ಲಿ ಒಬ್ಬರು ಎಪ್ಪತ್ತು ದಾಟಿದ ಹಿರಿಯರು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು. ಬಗ್ಗಿ, ಹಲಗೆಗಳ ಸಂದಿಯನ್ನು ಕೈಯಿಂದಲೇ ಒರೆಸುತ್ತಿದ್ದರು. ಉರುಗ್ವೆಯ ರಾಜಧಾನಿ ಮೊಂಟೆವಿಡಿಯೊದವರು ಎಂದು ತಂಗಿ ಹೇಳಿದಳು.

ಹಾಡುಗಳು ನಾಲ್ಕು ನಾಲ್ಕರ ಕಂತಿನಲ್ಲಿ ಬರುತ್ತವೆ. ಒಂದು ಕಂತಿಗೆ ತಾಂದಾ ಎನ್ನುತ್ತಾರೆ. ಒಂದು ತಾಂದಾದಲ್ಲಿ ಒಂದೇ ವಾದ್ಯಗೋಷ್ಠಿಯ ಹಾಡುಗಳು. ನಡುವೆ ಅರ್ಧ ನಿಮಿಷ ಬೇರೆ ಯಾವುದೋ ಸಂಗೀತ, ಅದು ಕೊರ್ತಿನಾ, ಅಂದರೆ ತೆರೆ. ನಮ್ಮ ನಾಟಕದ ಪರದೆ ಇದ್ದ ಹಾಗೆ. ತೆರೆ ಬಿದ್ದಾಗ ಎಲ್ಲರೂ ನೆಲ ಖಾಲಿ ಮಾಡಿ ಕುರ್ಚಿಗೆ ಹೋಗುತ್ತಾರೆ. ಮುಂದಿನ ತಾಂದಾಕ್ಕೆ ಜೊತೆ ಹುಡುಕುವುದು ಕಣ್ಣಿನಲ್ಲಿ. ಬಾಯಿ ಬಿಟ್ಟು ಕೇಳುವಂತಿಲ್ಲ, ಹತ್ತಿರ ಹೋಗಿ ಕೈ ಚಾಚುವಂತಿಲ್ಲ. ದೂರದಿಂದ ನೋಡಬೇಕು, ಆಚೆಯವರೂ ನೋಡಿದರೆ ಸ್ವಲ್ಪ ತಲೆ ಬಗ್ಗಿಸಬೇಕು. ಇದು ಕಬೆಸೆಯೊ. ಬೇಡ ಅನ್ನಿಸಿದರೆ ಸುಮ್ನೆ ಕಣ್ಣು ಬೇರೆ ಕಡೆ ತಿರುಗಿಸಿದರಾಯಿತು. ಯಾರಿಗೂ ಎಲ್ಲರೆದುರು ಅವಮಾನವಿಲ್ಲ. ಹೆಂಗಸರಿಗೆ ಇದೆಷ್ಟು ನೆಮ್ಮದಿ ಅನ್ನುವುದು ಅಲ್ಲಿ ಒಂದು ಸಂಜೆ ಕೂತರೆ ಗೊತ್ತಾಗುತ್ತದೆ.

ಮೊದಲು ಒಬ್ಬರು ನನ್ನನ್ನು ನೋಡಿದರು. ನಾನು ಆಗಲಿ ಎಂದು ತಲೆಯಾಡಿಸಿದೆ. ಅದು ನಮ್ಮೂರಿನ ತಲೆಯಾಟ, ಅಕ್ಕಪಕ್ಕಕ್ಕೆ. ಅವರು ಅದನ್ನು ಬೇಡ ಎಂದು ತಿಳಿದು ಮುಖ ತಿರುಗಿಸಿಕೊಂಡರು. "ಅಕ್ಕ, ಕೆಳಗೆ, ಒಂದೇ ಸಲ" ಅಂದಳು ತಂಗಿ.

ಎರಡನೇ ಸಲ ಕಣ್ಣು ಕೂಡಿದ್ದು ಆ ಮೊಂಟೆವಿಡಿಯೊದ ಹಿರಿಯರ ಜೊತೆ. ಈ ಬಾರಿ ಸರಿಯಾಗಿ ತಲೆ ಬಗ್ಗಿಸಿದೆ. ನನ್ನ ಚಪ್ಪಲಿಯ ರಬ್ಬರ್ ತಳ ಒದ್ದೆ ಹಲಗೆಗೆ ಕಚ್ಚಿಕೊಳ್ಳುತ್ತಿತ್ತು. (ಹೋಗುವವರು ಚರ್ಮದ ತಳದ ಜೋಡು ಒಯ್ಯಿರಿ. ರಬ್ಬರ್‌ನಲ್ಲಿ ತಿರುಗಲು ಹೋದರೆ ಮೊಣಕಾಲಿಗೆ ಪೆಟ್ಟು.) ಅವರು ಅದನ್ನು ಮೊದಲ ಹೆಜ್ಜೆಯಲ್ಲೇ ತಿಳಿದುಕೊಂಡು ತಿರುವು ಬಿಟ್ಟು ಬರೀ ನಡಿಗೆಯಲ್ಲೇ ಕುಣಿಸಿದರು. ಎಷ್ಟು ಹಿತವಾಗಿತ್ತು! ಹಾಡು ಮುಗಿಯಿತು. ನಾನು ಖುಷಿಯಿಂದ "ಗ್ರಾಸಿಯಾಸ್" ಅಂದೆ, ಸ್ಪ್ಯಾನಿಷಿನಲ್ಲಿ ಧನ್ಯವಾದ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಬಗ್ಗಿ, ನನ್ನನ್ನು ಕುರ್ಚಿಯವರೆಗೆ ಕರೆದುಕೊಂಡು ಬಂದು ಬಿಟ್ಟು ಹೋದರು. ಇನ್ನೂ ಮೂರು ಹಾಡು ಬಾಕಿ ಇತ್ತು.

"ಅಯ್ಯೋ, ಗ್ರಾಸಿಯಾಸ್ ಅಂದೆಯಾ?" ತಂಗಿ ಹಣೆಗೆ ಕೈ ಹಚ್ಚಿದಳು. ತಾಂದಾದ ಮಧ್ಯೆ ಆ ಮಾತಿಗೆ ಧನ್ಯವಾದ ಅಂತ ಅರ್ಥವಲ್ಲವಂತೆ. ಸಾಕು, ಇನ್ನು ಬಿಡಿ ಅಂತ. ರಾತ್ರಿಯೆಲ್ಲಾ ನನಗೆ ಅದೇ ಕೊರಗು.

ಎರಡನೇ ದಿನ, ಜುಲೈ 8

ಬೆಳಿಗ್ಗೆ ಬಿಸಿಲು. ಆಗುಸ್ಟ್‌ಸ್ಟ್ರಾಸೆಯ ಕ್ಲೇರ್ಶೆನ್ಸ್ ಬಾಲ್‌ಹೌಸ್ ನೋಡಲು ಹೋದೆವು. 1913ರಲ್ಲಿ ತೆರೆದ ನಾಚ್‌ಮನೆ ಅದು. ಬೀದಿಯ ಕಡೆಯ ಕಟ್ಟಡ ಎರಡನೇ ಮಹಾಯುದ್ಧದಲ್ಲಿ ಹಾಳಾಗಿದೆ, ಆ ಜಾಗದಲ್ಲಿ ಈಗ ತೋಟ, ಮೇಜು, ಕುರ್ಚಿ. ಹಿಂದಿನ ಕಟ್ಟಡ ಉಳಿದುಕೊಂಡಿದೆ. ಮಹಡಿಯ ಮೇಲೆ ಕನ್ನಡಿ ಸಭಾಂಗಣ. ಕನ್ನಡಿಗಳು ಒಡೆದು ಬಿರುಕು ಬಿಟ್ಟಿವೆ, ಬೆನ್ನಿನ ಲೇಪ ಮಾಸಿದೆ, ಹಾಗೇ ಬಿಟ್ಟಿದ್ದಾರೆ. ಅದೇ 1913ರಲ್ಲಿ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್, ಸಮವಸ್ತ್ರ ತೊಟ್ಟ ಸೇನಾಧಿಕಾರಿಗಳು ಟ್ಯಾಂಗೊ ಕುಣಿಯಕೂಡದು ಎಂದು ಅಪ್ಪಣೆ ಹೊರಡಿಸಿದ್ದ. ಟ್ಯಾಂಗೊ ಹುಟ್ಟಿದ್ದು ರಿಯೊ ದೆ ಲಾ ಪ್ಲಾತಾ ನದಿಯ ಎರಡು ದಡಗಳಲ್ಲಿ, ಬ್ಯೂನಸ್ ಐರಿಸ್ ಮತ್ತು ಮೊಂಟೆವಿಡಿಯೊದ ಬಡಜನರ ಕೇರಿಗಳಲ್ಲಿ. ಅಷ್ಟು ದೂರದಿಂದ ಬಂದು ಒಬ್ಬ ಚಕ್ರವರ್ತಿಗೆ ತಲೆನೋವಾಯಿತು ಅಂದರೆ ಆ ಕುಣಿತದ ಬಲ ನೋಡಿ.

ಸಂಜೆ ಕ್ರೊಯಿಟ್ಸ್‌ಬೆರ್ಗ್‌ನಲ್ಲಿ ಬಳಗದ ಪ್ರಾಕ್ತಿಕಾ ಇತ್ತು, ಅಭ್ಯಾಸದ ಕೂಟ. ಹಳೇ ಕಾರ್ಖಾನೆಯ ಹಿತ್ತಲಲ್ಲಿ, ನಾಲ್ಕು ಮಹಡಿ ಹತ್ತಿದರೆ ಒಂದು ಉದ್ದನೆ ಕೋಣೆ. ಇಲ್ಲಿ ಮಾತಾಡಬಹುದು, ನಿಲ್ಲಿಸಿ ಕೇಳಬಹುದು, ತಪ್ಪಬಹುದು. ಹೊಸಬರು ಬರ್ಲಿನ್‌ಗೆ ಹೋದರೆ ಮೊದಲು ಪ್ರಾಕ್ತಿಕಾಗೆ ಹೋಗಿ, ಮಿಲೊಂಗಾ ಆಮೇಲೆ. ನಾನು ಉಲ್ಟಾ ಮಾಡಿದೆ.

ಆರಂಭದಲ್ಲಿ ಅರ್ಧ ಗಂಟೆ ಯಾರೂ ಹೆಜ್ಜೆ ಕಲಿಸಲಿಲ್ಲ. ನಡೆಸಿದರು. ಗಡಿಯಾರದ ವಿರುದ್ಧ ದಿಕ್ಕಿನಲ್ಲಿ, ಒಬ್ಬರ ಹಿಂದೆ ಒಬ್ಬರು, ಮುಂದಿನವರನ್ನು ದಾಟದೆ. ಇದೇ ರೊಂದಾ. ದೇವಸ್ಥಾನದ ಪ್ರದಕ್ಷಿಣೆಯಲ್ಲಿ ನಾವು ಮುಂದಿನ ಅಜ್ಜಿಯನ್ನು ತಳ್ಳಿಕೊಂಡು ಹೋಗುವುದಿಲ್ಲ ಅಲ್ವಾ, ಹಾಗೆ. ದಿಕ್ಕು ಮಾತ್ರ ತಿರುಗುಮುರುಗು.

ಕಲಿಸುವ ಹೆಂಗಸು ರೊಸಾರಿಯೊ ಊರಿನವರು. 2001ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾದಲ್ಲಿ ಬ್ಯಾಂಕಿನಿಂದ ದುಡ್ಡು ತೆಗೆಯುವುದಕ್ಕೆ ಕಡಿವಾಣ ಹಾಕಿದರು. ಅದರ ಮರುವರ್ಷ ಒಂದು ಪೆಟ್ಟಿಗೆ, ಒಂದು ಬ್ಯಾಂಡೋನಿಯನ್ (ಟ್ಯಾಂಗೊದಲ್ಲಿ ಬಾರಿಸುವ ತಿದಿಯ ವಾದ್ಯ) ಹಿಡಿದು ಇಲ್ಲಿಗೆ ಬಂದರಂತೆ. ಅವರಿಗಿಂತ ಮೊದಲೇ ಬಂದವರೂ ಬಳಗದಲ್ಲಿದ್ದಾರೆ. ಉರುಗ್ವೆಯಲ್ಲಿ 1973ರಲ್ಲಿ, ಅರ್ಜೆಂಟೀನಾದಲ್ಲಿ 1976ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ ಜೀವ ಉಳಿಸಿಕೊಂಡು ಯುರೋಪಿಗೆ ಓಡಿಬಂದವರು. 1982ರಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಹೊರಿಜೊಂಟೆ ಎಂಬ ಉತ್ಸವ ನಡೆಯಿತು. ಲ್ಯಾಟಿನ್ ಅಮೆರಿಕದ ಕಲೆಗಳ ಜೊತೆ ಟ್ಯಾಂಗೊ ಕೂಡ ಬಂತು, ನೋಡಿದ ಬರ್ಲಿನ್ನಿಗರು ಕಲಿಯಬೇಕು ಎಂದು ಹಿಂದೆ ಬಿದ್ದರು. ಮೊಂಟೆವಿಡಿಯೊದ ಹಿರಿಯರು ಆ ಕಾಲದಿಂದ ಇಲ್ಲಿದ್ದಾರಂತೆ. ಅವರು ಅವತ್ತು ಪ್ರಾಕ್ತಿಕಾಗೆ ಬಂದಿರಲಿಲ್ಲ. ಕ್ಷಮೆ ಕೇಳಬೇಕು ಎಂದು ಬಾಗಿಲು ನೋಡುತ್ತಲೇ ಇದ್ದೆ.

ಕೊನೆಗೆ ರೊಸಾರಿಯೊದವರು ತಮ್ಮ ಬ್ಯಾಂಡೋನಿಯನ್ ಹೊರತೆಗೆದರು. ಕಪ್ಪು ಚೌಕ ಪೆಟ್ಟಿಗೆ, ಮಧ್ಯೆ ಉದ್ದಕ್ಕೆ ಹಿಗ್ಗುವ ತಿದಿ. ಬಲಗೈಗೆ 38 ಗುಂಡಿ, ಎಡಗೈಗೆ 33. ಒಟ್ಟು 71. ಒಂದೇ ಗುಂಡಿ ಒತ್ತಿಕೊಂಡು ತಿದಿ ಎಳೆದರೆ ಒಂದು ಸ್ವರ, ಮುಚ್ಚಿದರೆ ಇನ್ನೊಂದು. ಹಾಗಾಗಿ 142. ನಾನು ಹಾರ್ಮೋನಿಯಂ ಬಾರಿಸುವ ಮನೆಯವಳು ಎಂದು ತಂಗಿ ಹೇಳಿಬಿಟ್ಟಿದ್ದಳು. ನಮ್ಮ ಅಜ್ಜ ನಾಟಕ ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ಬಾರಿಸುತ್ತಿದ್ದರು. ಆಕೆ ಮಾತಾಡದೆ ಬದಿಯ ಹಲಗೆ ಬಿಚ್ಚಿದರು.

ಒಳಗೆ ಸಾಲು ಸಾಲು ರೀಡುಗಳು. ಸತುವಿನ ತಗಡಿನ ಮೇಲೆ ಉಕ್ಕಿನ ನಾಲಿಗೆಗಳು, ದೊಡ್ಡದರಿಂದ ಚಿಕ್ಕದಕ್ಕೆ, ಕೊನೆಯದು ಅಕ್ಕಿಕಾಳಿನಷ್ಟೇ ಅಗಲ. ಅಜ್ಜನ ಪೆಟ್ಟಿಗೆಯಲ್ಲಿ ಹಿತ್ತಾಳೆ ಇತ್ತು. ಶ್ರುತಿ ಏರಿಸಲು ನಾಲಿಗೆಯ ತುದಿ ಕೆರೆಯಬೇಕು, ಇಳಿಸಲು ಬುಡ ಕೆರೆಯಬೇಕು. ಅಜ್ಜ ಇದನ್ನು ಬ್ಲೇಡಿನಲ್ಲಿ ಮಾಡುವುದನ್ನು ಉಸಿರು ಬಿಗಿಹಿಡಿದು ನೋಡಿದ್ದೇನೆ. ನಾನು ಬೆರಳಿನಿಂದ ಗಾಳಿಯಲ್ಲಿ ತುದಿ, ಬುಡ ಎಂದು ತೋರಿಸಿದೆ. ಆಕೆ "ಸಿ, ಸಿ!" (ಹೌದು, ಹೌದು) ಎಂದು ನನ್ನ ಭುಜ ಹಿಡಿದುಕೊಂಡರು. ತಗಡಿನ ಪಕ್ಕ, ಮರದ ಮೇಲೆ, ಎರಡು ಅಕ್ಷರ: ಎ, ಎ. ಅವರ ಜನ ಅದನ್ನು ದೋಬ್ಲೆ ಆ ಎನ್ನುತ್ತಾರೆ. "ಇದು ಅರ್ಜೆಂಟೀನಾದ್ದಲ್ಲ" ಅಂದರು. "ಇಲ್ಲಿಂದ ಕೆಲವು ಗಂಟೆ ದೂರದ ಹಳ್ಳಿಯಲ್ಲಿ ಹುಟ್ಟಿದ್ದು. ನೋಡಿ ಬಾ."

ಮೂರನೇ ದಿನ, ಜುಲೈ 9

1816ರ ಜುಲೈ 9ರಂದು ಅರ್ಜೆಂಟೀನಾ ತುಕುಮಾನ್ ನಗರದಲ್ಲಿ ಸ್ವಾತಂತ್ರ್ಯ ಸಾರಿತು. ಬಳಗದವರು ಟೆಂಪಲ್‌ಹೋಫ್ ಬಯಲಿನಲ್ಲಿ ಊಟ ಇಟ್ಟುಕೊಂಡಿದ್ದರು. ಅದು ಹಳೇ ವಿಮಾನ ನಿಲ್ದಾಣ. 2008ರಲ್ಲಿ ಮುಚ್ಚಿ, 2010ರಿಂದ ಜನರ ಉದ್ಯಾನವಾಗಿದೆ. ರನ್‌ವೇ ಮೇಲೆ ಮಕ್ಕಳು ಸೈಕಲ್ ಹೊಡೆಯುತ್ತಾರೆ. ನೆರಳು ಕಡಿಮೆ, ಗಾಳಿ ಜಾಸ್ತಿ. ಟೋಪಿ, ನೀರು ಇಲ್ಲದೆ ಹೋಗಬೇಡಿ.

ಊಟದ ಬುಟ್ಟಿ ತೆರೆದಾಗ ನನಗೆ ಗೌರಿ ಹಬ್ಬದ ಅಡುಗೆಮನೆ ನೆನಪಾಯಿತು. ಎಂಪನಾದಾ, ಥೇಟು ನಮ್ಮ ಕರ್ಜಿಕಾಯಿ ಆಕಾರ! ಒಳಗೆ ಮಾತ್ರ ಮಾಂಸ, ಚೀಸು, ಈರುಳ್ಳಿ, ಮೆಕ್ಕೆಜೋಳದ ಹೂರಣ. ಅಂಚನ್ನು ಬೆರಳಿನಲ್ಲಿ ಮಡಿಸಿ ಮಡಿಸಿ ಜಡೆ ಹಾಕಿರುತ್ತಾರೆ. ಒಳಗಿನ ಹೂರಣ ಯಾವುದು ಅಂತ ಆ ಮಡಿಕೆಯ ವಿನ್ಯಾಸ ನೋಡಿ ಹೇಳುತ್ತಾರೆ. ಬುಟ್ಟಿ ತಂದ ಅಮ್ಮ ನಾನು ಸಸ್ಯಾಹಾರಿ ಎಂದು ತಿಳಿದು, ಜೋಳದ್ದನ್ನು ಮುಟ್ಟಿ ತೋರಿಸಿದರು. ಉಳಿದಿದ್ದ ಹಿಟ್ಟಿನಲ್ಲಿ ನಾನು ಒಂದಕ್ಕೆ ನಮ್ಮಮ್ಮ ಕಲಿಸಿದ ಹಾಗೆ ಅಂಚು ಮಡಿಸಿದೆ. ಅವರು ಎತ್ತಿ ಹಿಡಿದು, ತಿರುಗಿಸಿ ನೋಡಿ, ಎಲ್ಲರಿಗೂ ತೋರಿಸಿಕೊಂಡು ಬಂದರು. ಬೇಯಿಸಲು ಮನೆಗೆ ಕಟ್ಟಿಕೊಂಡೂ ಹೋದರು.

ಆಮೇಲೆ ಮಾತೆ ಎಂಬ ಪಾನೀಯ ಬಂತು. ಸೋರೆಬುರುಡೆಯ ಪುಟ್ಟ ಪಾತ್ರೆಯಲ್ಲಿ ಒಣ ಎಲೆಯ ಪುಡಿ, ಅದಕ್ಕೆ ಬಿಸಿನೀರು, ಹೀರಲು ಲೋಹದ ಒಂದೇ ಕೊಳವೆ. ಒಬ್ಬರೇ ನೀರು ಹಾಕುತ್ತಾರೆ, ಒಬ್ಬೊಬ್ಬರಿಗೇ ಕೊಡುತ್ತಾರೆ, ಕುಡಿದು ಪಾತ್ರೆ ವಾಪಸ್ ಕೊಡಬೇಕು. ಎಂಜಲು ಎಂದು ನನ್ನ ಮನಸ್ಸು ಒಂದು ಕ್ಷಣ ಹಿಂಜರಿಯಿತು. ಆದರೂ ಕುಡಿದೆ. ಬೇವಿನ ಚಿಗುರಿನಷ್ಟು ಕಹಿ, ಹಿಂದೆಯೇ ಹೊಗೆಯ ವಾಸನೆ. ಪಾತ್ರೆ ಮರಳಿಸುತ್ತಾ ಗ್ರಾಸಿಯಾಸ್ ಅನ್ನಲು ಬಾಯಿ ತೆರೆದಿದ್ದೆ, ತಂಗಿ ಮೊಣಕೈಯಲ್ಲಿ ತಿವಿದಳು. ಇಲ್ಲೂ ಅದೇ ನಿಯಮವಂತೆ! ಗ್ರಾಸಿಯಾಸ್ ಅಂದರೆ ನನಗೆ ಸಾಕು, ಇನ್ನು ಕೊಡಬೇಡಿ ಅಂತ. ಬಾಯಿ ಮುಚ್ಚಿಕೊಂಡಿದ್ದರೆ ಸರದಿ ಮತ್ತೆ ಬರುತ್ತದೆ.

ಇವರಲ್ಲಿ ಈ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲೂ ಬಡಿಸುವವರಿಗೆ ಥ್ಯಾಂಕ್ಸ್ ಹೇಳುವ ರೂಢಿ ಎಲ್ಲಿತ್ತು? ಎಲೆಯ ಮೇಲೆ ಕೈ ಅಡ್ಡ ಇಟ್ಟರೆ ಸಾಕು ಎಂದರ್ಥ. ಅವತ್ತು ನಾನು ನಾಲ್ಕು ಸುತ್ತು ಕುಡಿದೆ. ರಾತ್ರಿ ನಿದ್ದೆ ಬರಲಿಲ್ಲ, ಕಾಫಿಯಲ್ಲಿರುವ ಕೆಫೀನ್ ಅದರಲ್ಲೂ ಇದೆ.

ನಾಲ್ಕನೇ ದಿನ, ಜುಲೈ 10

ಬೆಳಿಗ್ಗೆ ಐದೂವರೆಗೇ ಆ ಬ್ಯಾಂಡೋನಿಯನ್ ಹುಟ್ಟಿದ ಹಳ್ಳಿಗೆ ಹೊರಟೆವು. ಡೊಯಿಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸು ನಿಧಾನದ ರೈಲು, ಬಸ್ಸು, ಟ್ರಾಮಿಗೆಲ್ಲ ನಡೆಯುತ್ತದೆ, ವೇಗದ ರೈಲಿಗೆ ನಡೆಯುವುದಿಲ್ಲ. ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳಿಗೂ ದುಡ್ಡು ಕಟ್ ಆಗುತ್ತದೆ. ನಾನು ರೈಲಿನಲ್ಲೇ ಕೂತು ಅಂದೇ ರದ್ದು ಮಾಡಿದೆ.

ಮಧ್ಯಾಹ್ನದ ಹೊತ್ತಿಗೆ ಸ್ಯಾಕ್ಸನಿಯ ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳು. ಐಬೆನ್‌ಸ್ಟಾಕ್‌ನಲ್ಲಿ ಇಳಿದರೆ ಮುಂದಿನ ಬಸ್ಸು ನಮ್ಮ ಕಣ್ಣೆದುರೇ ಹೋಯಿತು. ಇನ್ನೊಂದಕ್ಕೆ ಎರಡು ಗಂಟೆ. ಮೇಲಿಂದ ತಣ್ಣನೆ ಮಂಜು ಇಳಿಯುತ್ತಿತ್ತು. ನಾವು ಬಸ್‌ಸ್ಟಾಪಿನಲ್ಲಿ ಚಪಾತಿ ಬಿಚ್ಚಿ ಕೂತೆವು. ಕಾರಿನಲ್ಲಿ ಬಂದ ಒಬ್ಬರು ಅಜ್ಜಿ ನಿಲ್ಲಿಸಿ, ಎಲ್ಲಿಗೆ ಎಂದು ಕೇಳಿದರು. ತಂಗಿ "ಕಾರ್ಲ್ಸ್‌ಫೆಲ್ಡ್, ಬ್ಯಾಂಡೋನಿಯನ್" ಅಂದಳು. ಅಜ್ಜಿ ಹಿಂದಿನ ಸೀಟಿನ ಬಕೆಟ್‌ಗಳನ್ನು ಸರಿಸಿದರು. ಬಕೆಟ್ ತುಂಬಾ ಕಾಡಿನಿಂದ ಕಿತ್ತ ಬ್ಲೂಬೆರಿ. ಅವರ ಬೆರಳೆಲ್ಲ ನೇರಳೆ ಬಣ್ಣ. ದಾರಿಯ ಎರಡೂ ಕಡೆ ಸ್ಪ್ರೂಸ್ ಮರಗಳ ದಟ್ಟ ಕಾಡು, ನಡುಹಗಲಲ್ಲೇ ಕತ್ತಲು.

ಅಜ್ಜಿಯ ತಾಯಿ ಕಾರ್ಲ್ಸ್‌ಫೆಲ್ಡ್‌ನ ಬ್ಯಾಂಡೋನಿಯನ್ ಕಾರ್ಖಾನೆಯಲ್ಲೇ ದುಡಿದವರಂತೆ. ತಿದಿಯ ಮೂಲೆ ಮೂಲೆಗೂ ತೆಳು ಚರ್ಮ ಅಂಟಿಸುವ ಕೆಲಸ. "ಅಮ್ಮನ ಕೈಗೆ ಯಾವಾಗಲೂ ಅಂಟಿನ ವಾಸನೆ" ಎಂದರು. ಇಲ್ಲಿ ಪೆಟ್ಟಿಗೆ ಮಾಡುವವರು ಮಾಡುತ್ತಿದ್ದರು, ಅದು ಹಡಗು ಹತ್ತಿ ಎಲ್ಲಿಗೆ ಹೋಗಿ ಏನು ಹಾಡುತ್ತದೆ ಎಂದು ಆ ತಾಯಿ ಒಮ್ಮೆಯೂ ಕೇಳಿರಲಿಲ್ಲವಂತೆ.

ಕಥೆ ಹೀಗಿದೆ. ಕ್ರೆಫೆಲ್ಡ್ ಊರಿನ ವಾದ್ಯ ವ್ಯಾಪಾರಿ ಹೈನ್ರಿಶ್ ಬಾಂಡ್‌ನ ಹೆಸರಿನಿಂದ ವಾದ್ಯಕ್ಕೆ ಆ ಹೆಸರು ಬಂತು. ಕಾರ್ಲ್ಸ್‌ಫೆಲ್ಡ್‌ನ ಕಾರ್ಖಾನೆಯನ್ನು 1864ರಲ್ಲಿ ಅರ್ನೋಲ್ಡ್ ಮನೆತನ ಕೊಂಡಿತು. ಆ ಮನೆಯ ಆಲ್ಫ್ರೆಡ್ ಅರ್ನೋಲ್ಡ್ 1911ರಲ್ಲಿ ತನ್ನದೇ ಕಾರ್ಖಾನೆ ತೆರೆದ. ಎ, ಎ ಅಕ್ಷರ ಅವನವು. ಜರ್ಮನಿಯಲ್ಲಿ ಇದು ಗಣಿ ಕೆಲಸದವರ, ಕೂಲಿಕಾರರ ವಾದ್ಯ. ಅವರಿಗೆ ತಮ್ಮ ತಮ್ಮ ಬ್ಯಾಂಡೋನಿಯನ್ ಸಂಘಗಳಿದ್ದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಪೂರ್ವ ಜರ್ಮನಿಯಲ್ಲಿ ಕಾರ್ಖಾನೆ ಸರ್ಕಾರದ ವಶವಾಗಿ, ಅಲ್ಲಿ ಡೀಸೆಲ್ ಎಂಜಿನ್‌ಗಳ ಭಾಗಗಳು ತಯಾರಾದವು. ರೀಡಿಗೆ ಸತು ಮತ್ತು ಉಕ್ಕನ್ನು ಹದ ಮಾಡುತ್ತಿದ್ದ ಕೈಗಳು ಬೇರೆ ಕೆಲಸಕ್ಕೆ ಬಿದ್ದವು. ಅದಕ್ಕೇ ಹಳೇ ದೋಬ್ಲೆ ಆ ಇವತ್ತಿಗೂ ವಾದಕರಿಗೆ ಚಿನ್ನ. 2009ರಲ್ಲಿ ಅರ್ಜೆಂಟೀನಾ ತನ್ನಲ್ಲಿರುವ ಬ್ಯಾಂಡೋನಿಯನ್‌ಗಳನ್ನು ಕಾಪಾಡಲೆಂದೇ ಕಾನೂನು ಮಾಡಿತು.

ನನಗೆ ನಮ್ಮ ಹಾರ್ಮೋನಿಯಂ ನೆನಪಾಗದೆ ಇರಲಿಲ್ಲ. ಅದೂ ಯುರೋಪಿನ ಕೂಸು. ನಮ್ಮ ಕಂಪನಿ ನಾಟಕ ಅದನ್ನು ಮಡಿಲಿಗೆ ಹಾಕಿಕೊಂಡಿತು. ಆಕಾಶವಾಣಿ ಮಾತ್ರ ಅದು ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಎಂದು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಅಜ್ಜ ಈ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದರು.

ಊರು ಚಿಕ್ಕದು. ಮಧ್ಯದಲ್ಲಿ 1688ರ ಚರ್ಚು, ಗುಂಡಗೆ, ತಲೆಯ ಮೇಲೆ ಗುಮ್ಮಟ. ಆ ಬೆಟ್ಟದ ಹಳ್ಳಿಯಲ್ಲಿ ಅಂಥದ್ದನ್ನು ನಿರೀಕ್ಷಿಸಿರಲಿಲ್ಲ. ಅಜ್ಜಿ ನಮ್ಮನ್ನು ಇಳಿಸಿ, ಒಂದು ಮುಷ್ಟಿ ಬೆರಿ ಕೈಗೆ ಸುರಿದು ಹೋದರು. ಮೇಲೆ ಕಾಡಿನ ನಡುವೆ ಕುಡಿಯುವ ನೀರಿನ ಜಲಾಶಯವಿದೆ, ಸುಮಾರು 900 ಮೀಟರ್ ಎತ್ತರದಲ್ಲಿ. ಅಲ್ಲಿವರೆಗೆ ನಡೆದೆವು. ಜುಲೈ ತಿಂಗಳು, ಆದರೂ ಹಲ್ಲು ಕಟಕಟ. ಸ್ವೆಟರ್ ಬೇಕೇ ಬೇಕು. ರಾತ್ರಿ ಉಳಿದ ವಸತಿಗೃಹದಲ್ಲಿ ಕಾರ್ಡ್ ತೆಗೆದುಕೊಳ್ಳಲಿಲ್ಲ, ಸದ್ಯ ತಂಗಿಯ ಹತ್ತಿರ ನಗದು ಇತ್ತು. ಆಲೂಗಡ್ಡೆ ತುರಿದು ಕಾವಲಿಯಲ್ಲಿ ಸುಟ್ಟ ರೊಟ್ಟಿ, ಜೊತೆಗೆ ಸೇಬಿನ ಗೊಜ್ಜು ಕೊಟ್ಟರು. ನಾನು ಬ್ಯಾಗಿನಿಂದ ಚಟ್ನಿಪುಡಿ ತೆಗೆದೆ. ಆ ರೊಟ್ಟಿಗೆ ಅದು ಸೊಗಸಾಗಿ ಹೊಂದಿತು.

ಐದನೇ ದಿನ, ಜುಲೈ 11

ಬೆಳಿಗ್ಗೆ ಹೊರಟು ಬರ್ಲಿನ್ ಮುಟ್ಟುವಾಗ ಇಳಿಹೊತ್ತು. ಮುಖ ತೊಳೆದು ನೇರ ನದಿ ದಂಡೆಗೆ. ಅಂದು ಅನಿಬಾಲ್ ತ್ರೊಯ್ಲೊ ಹುಟ್ಟಿದ ದಿನ, 1914ರ ಜುಲೈ 11. ಕಣ್ಣು ಮುಚ್ಚಿಕೊಂಡು ಬ್ಯಾಂಡೋನಿಯನ್ ಬಾರಿಸುತ್ತಿದ್ದ, ಜನ ಪಿಚುಕೊ ಎಂದು ಕರೆಯುತ್ತಿದ್ದ ಮಹಾ ವಾದಕ. ಟ್ಯಾಂಗೊದ ಹೆಸರಾಂತ ಸಂಯೋಜಕ ಆಸ್ತೊರ್ ಪಿಯಾಸ್ಸೊಲ್ಲಾ ಕೂಡ ಹದಿಹರೆಯದಲ್ಲಿ ಅವನ ಗೋಷ್ಠಿಯಲ್ಲೇ ಬಾರಿಸಿದವನು. ಅರ್ಜೆಂಟೀನಾದಲ್ಲಿ ಈ ದಿನವೇ ಬ್ಯಾಂಡೋನಿಯನ್ ದಿನ.

ರೊಸಾರಿಯೊದವರು ಕುರ್ಚಿಯ ತುದಿಗೆ ಕೂತು, ಮಂಡಿಯ ಮೇಲೆ ಕಪ್ಪು ಬಟ್ಟೆ ಹಾಸಿ, ಅದರ ಮೇಲೆ ದೋಬ್ಲೆ ಆ ಇಟ್ಟುಕೊಂಡರು. ನಾನು ಕಾರ್ಲ್ಸ್‌ಫೆಲ್ಡ್‌ನಿಂದ ತಂದ ಒಂದು ಸ್ಪ್ರೂಸ್ ಕಾಯಿ ಕೊಟ್ಟೆ. ಅವರು ಅದನ್ನು ವಾದ್ಯದ ಪೆಟ್ಟಿಗೆಯೊಳಗೆ, ಮಖಮಲ್ ಬಟ್ಟೆಯ ಮೂಲೆಗೆ ಇಟ್ಟರು. ಬಾರಿಸುವಾಗ ತಿದಿ ಪೂರ್ತಿ ಹಿಗ್ಗಿ ಮಂಡಿಯಿಂದ ಕೆಳಗೆ ಬಾಗುತ್ತಿತ್ತು. ಹತ್ತಿರ ಕೂತವರಿಗೆ ಸ್ವರಕ್ಕೆ ಮೊದಲು ಉಸಿರು ಕೇಳಿಸುತ್ತದೆ. ಚರ್ಮದ ಮೂಲೆಗಳು ಸಣ್ಣಗೆ ಕಿರುಗುಟ್ಟುತ್ತವೆ. ಆ ಮೂಲೆಗಳಿಗೆ ಅಂಟು ಹಚ್ಚಿದವರ ಮಗಳ ಕಾರಿನಲ್ಲಿ ಕೂತು ಬಂದಿದ್ದೆನಲ್ಲ, ನನಗೆ ಕಣ್ಣು ತುಂಬಿ ಬಂತು.

ಆಮೇಲೆ ರೆಕಾರ್ಡುಗಳು. ತ್ರೊಯ್ಲೊ ಗೋಷ್ಠಿ, ಫಿಯೊರೆಂತಿನೊ ಹಾಡಿದ 1940ರ ದಶಕದ ಹಾಡುಗಳು. ಒಂಬತ್ತೂವರೆಯ ಹೊತ್ತಿಗೆ ಸೂರ್ಯ ಮುಳುಗಿ ಬಲ್ಬುಗಳು ಹೊತ್ತಿಕೊಂಡವು. ಮೊಂಟೆವಿಡಿಯೊದ ಹಿರಿಯರು ಎದುರು ಸಾಲಿನಲ್ಲಿದ್ದರು. ನಾನು ಹೋಗಿ ಕ್ಷಮೆ ಕೇಳಲು ಎದ್ದೆ. ತಂಗಿ ಕೈಹಿಡಿದು ಕೂರಿಸಿದಳು. "ಹೋಗಬೇಡ. ನೋಡು, ಸಾಕು."

ನೋಡಿದೆ. ಎರಡು ತಾಂದಾ ಕಳೆಯಿತು. ಮೂರನೇ ತೆರೆಯ ಹೊತ್ತಿಗೆ ಅವರು ನನ್ನ ಕಡೆ ತಿರುಗಿದರು. ಕೆಳಗೆ, ಒಂದೇ ಸಲ, ತಲೆ ಬಗ್ಗಿಸಿದೆ. ಅವರು ನೆಲದ ಅಂಚನ್ನೇ ಬಳಸಿ, ಯಾರಿಗೂ ಅಡ್ಡ ಬಾರದೆ, ನಿಧಾನವಾಗಿ ನಡೆದು ಬಂದರು. ನಾನು ತಂಗಿಯ ಚರ್ಮದ ತಳದ ಜೋಡು ಹಾಕಿದ್ದೆ, ಸ್ವಲ್ಪ ದೊಡ್ಡದು, ಮುಂದೆ ಹತ್ತಿ ತುರುಕಿತ್ತು. ಮೊದಲ ಹಾಡು ಮುಗಿಯಿತು. ಬಾಯಿ ಬಿಡಲಿಲ್ಲ. ಎರಡನೆಯದಕ್ಕೆ ಅವರು ಒಂದು ತಿರುವು ಕೊಟ್ಟರು, ಮೂರನೆಯದಕ್ಕೆ ಎರಡು. ನಾಲ್ಕನೆಯದು ಮುಗಿದು ತೆರೆಯ ಸಂಗೀತ ಬಂದಾಗ ನಾನು ಗ್ರಾಸಿಯಾಸ್ ಅಂದೆ. ಅವರೂ ಅಂದರು. ಕುರ್ಚಿಯವರೆಗೆ ಬಂದು, ಮೊದಲ ದಿನದ ಹಾಗೇ ಬಗ್ಗಿ ಹೋದರು.

ಕೊನೆಯ ಹಾಡು, ಮಿಲೊಂಗಾಗಳ ರೂಢಿಯಂತೆ, ಲಾ ಕುಂಪರ್ಸಿತಾ. ಅದು ಮುಗಿದದ್ದೇ ಅವರು ಅಂಗಿಯ ತೋಳು ಮಡಿಸಿ ಸ್ಪೀಕರಿನ ವೈರು ಸುತ್ತತೊಡಗಿದರು. ನಾನೂ ತಂಗಿಯೂ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದೆವು.